ಮನೆಯನ್ನೇ ತಿರುಗಿಸಿದ ಕಾಶಿನಾಥ

ಗೆಳೆಯರೇ, ಇವತ್ತು ಹುಮನಾಬಾದಿನಲ್ಲಿ ಬಸ್ಸಿನ ಗೃಹಪ್ರವೇಶ ನೋಡಿದೆ. ಪಕ್ಕದ ಮನೆಯ ಕಾಶಿನಾಥ ಹಳೆಯ ಮಿನಿ ಬಸ್ಸಿನ ಸೀಟು ಕಿತ್ತು, ಮಂಚ, ಒಲೆ, ನೀರಿನ ಟಾಕಿ ಕೂಡಿಸಿ, ಊರೂರು ತಿರುಗಲು ಮನೆ ಮಾಡಿದ್ದಾನೆ. ಕೆಲಸ ಬಲು ಚೊಕ್ಕ. ಆದರೆ ಹಾಲು ಉಕ್ಕಿಸಬೇಕಾದ ಅವನ ತಾಯಿ ಪಾತ್ರೆ ಹಿಡಿದು ಕೆಳಗೇ ನಿಂತರು.

“ಬಾಗಲಾ ದಕ್ಷಿಣಕ್ಕ ಅದ. ಇಂಥಾ ಮನ್ಯಾಗ ನಾ ಕಾಲಿಡಂಗಿಲ್ಲ.”

ಕಾಶಿನಾಥ ವಾದಕ್ಕೆ ನಿಲ್ಲಲಿಲ್ಲ. “ಜರಾ ಸರದು ನಿಂದ್ರ ಯವ್ವಾ,” ಎಂದು ಬಸ್ಸು ಚಾಲೂ ಮಾಡಿದ. ರಸ್ತೆಯಲ್ಲಿ ತಿರುಗಿಸಿ ತಂದು ಅಲ್ಲೇ ನಿಲ್ಲಿಸಿದ.

“ಈಗ ಉತ್ತರಕ್ಕ ಅದ, ಬಾ.”

ತಾಯಿ ಬಲಗಾಲಿಟ್ಟು ಒಳಗೆ ಹೋದರು.

ನಮ್ಮ ಮನೆಯ ಬಾಗಿಲೂ ದಕ್ಷಿಣಕ್ಕಿದೆ. ಸಂಜೆಯಿಂದ ನನ್ನ ಹೆಂಡತಿ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಾಳೆ.