ಇಲ್ಲದ ಕಂಬಕ್ಕೆ ಸರಿದ ಬಾತುಗಳು

ದೆವ್ವ, ಭೂತದ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ಧೈರ್ಯದಿಂದಲ್ಲ. ಬಸ್ಸು ಹತ್ತುವ ಮೊದಲೇ, ಇಳಿಯುವ ಊರು ದಾಟಿಹೋದರೆ ಗತಿಯೇನು ಎಂದು ಚಿಂತಿಸುವವನಿಗೆ ಇರುವ ಭಯಗಳೇ ಸಾಕಾಗಿದ್ದವು. ಇಲ್ಲದ್ದನ್ನು ನಂಬಲು ಪುರಸೊತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು. ಗಾಳಿಯಂತ್ರ ನಿಲ್ಲಿಸಲು ಜಾಗ ಹುಡುಕುವ ಕಂಪನಿಯೊಂದರಲ್ಲಿ ನಾನು ಸಹಾಯಕ. ಮಸ್ಕಿಯಾಚೆ, ಕೆರೆಯೊಂದರ ಪಕ್ಕದ ಗುಡ್ಡದ ಮೇಲೆ ನಮ್ಮ ಎಂಜಿನಿಯರ್ ಸಾಹೇಬರು ಯಂತ್ರದ ಕಂಬ ನಿಲ್ಲಬೇಕಾದ ನಾಲ್ಕು ಕಡೆ ಸುಣ್ಣದ ಗುರುತು ಹಾಕಿಸಿದ್ದರು. ಗುಡ್ಡದ ಬುಡದಲ್ಲಿ ಕುರಿ ಕಾಯುತ್ತಿದ್ದ ಹನುಮವ್ವ ಏನು ಕೆಲಸವೆಂದು ಕೇಳಿದಾಗ ನಾನು, "ಗಾಳಿ ನೋಡಾಕ ಬಂದೀವಿ" ಎಂದುಬಿಟ್ಟೆ.

"ಯಾರಿಗೆ ಬಡದೈತ್ರೀ?" ಆಕೆ ಗಾಬರಿಯಾದಳು. "ನಿಂಬೆಹಣ್ಣು ತಂದೀರೇನು?"

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಯವ್ವಾ, ನಾವು ಬಿಡಸೋರಲ್ಲ, ಬೀಸೋ ಗಾಳಿ ಅಳೆಯೋರು!"

ನನಗೆ ನಗು ಬರಲಿಲ್ಲ. ಚಳಿಗಾಲದಲ್ಲಿ, ತಲೆಗೆ ಕರಿಪಟ್ಟೆಯಿರುವ ಬಾತುಗಳು ರಾತ್ರಿಯೆಲ್ಲ ಸಾಲಗುಂದದ ಕಡೆಯ ಗದ್ದೆಗಳಲ್ಲಿ ಮೇಯ್ದು, ಬೆಳಗಾಗುತ್ತಲೇ ಆ ಗುಡ್ಡದ ಮೇಲೆ ಹಾದು ಕೆರೆಗೆ ಇಳಿಯುತ್ತಿದ್ದವು. ಅದೇ ದಾರಿಯಲ್ಲಿ ಯಂತ್ರದ ರೆಕ್ಕೆ ತಿರುಗಿದರೆ? ಗುರುತು ಸರಿಸೋಣವೆಂದು ಮತ್ತೆ ಮತ್ತೆ ಹೇಳಿದೆ.

"ಹಕ್ಕಿಗೆ ಕಣ್ಣಿಲ್ಲೇನ್ರೀ? ಕಂಬ ಕಂಡ್ರ ತಾವ ಸರದು ಹೋಗ್ತಾವ. ನಿಮಗ ಎಲ್ಲಾದಕ್ಕೂ ಚಿಂತಿ!" ಎಂದರು ಸಾಹೇಬರು. ಮರುದಿನ ಲಿಂಗಸುಗೂರಿನಿಂದ ಕಂಪನಿಗೆ ನಕ್ಷೆ ಹೋದರೆ ಮುಗಿಯಿತು, ಜಾಗ ಪಕ್ಕಾ.

ಮರುದಿನ ಬೆಳಗ್ಗೆ ಕೊನೆಯ ಸಲ ಅಳೆಯಲು ಗುಡ್ಡ ಹತ್ತಿದೆವು. ಬಾತುಗಳ ಸಾಲು ಬಂತು. ಮೊದಲ ಗುರುತಿನ ಮೇಲೆ ಅದು ಒಡೆದು ಎರಡಾಯಿತು. ದಾಟಿ ಮತ್ತೆ ಕೂಡಿತು. ಎರಡನೆಯದರ ಮೇಲೂ ಹಾಗೆಯೇ, ಮೂರನೆಯದರ ಮೇಲೂ. ಕಂಬವಿಲ್ಲ, ತಂತಿಯಿಲ್ಲ, ಬರಿಯ ಆಕಾಶ. "ನೋಡ್ರಿ, ಹೆಂಗ ಸರೀತಾವ" ಎಂದು ನಕ್ಕ ಸಾಹೇಬರು, ಹೇಳಿದ್ದೇನೆಂದು ಹೊಳೆದು ಗುರುತಿನತ್ತ ತಿರುಗಿದರು.

ಕೊನೆಯ ಗುರುತಿನ ಮೇಲೆ ಒಂದು ಬಾತು ಸರಿಯಲಿಲ್ಲ. ಥಪ್ಪೆಂದು ಸದ್ದು. ಅದು ಕಲ್ಲಿನಂತೆ ನಮ್ಮ ಮುಂದೆ ಬಿತ್ತು. ಒಂದು ರೆಕ್ಕೆ ಬುಡದಲ್ಲೇ ಮುರಿದಿತ್ತು. ಮುಟ್ಟಿದೆ, ಮೈ ಇನ್ನೂ ಬೆಚ್ಚಗಿತ್ತು.

ಸಾಹೇಬರು ಬೂಟಿನಿಂದ ನಾಲ್ಕೂ ಗುರುತು ತಿಕ್ಕಿ ಅಳಿಸಿದರು. ತಡವಾಗಿ ಬಂದ ಇನ್ನೊಂದು ಸಾಲು ಎಲ್ಲಿಯೂ ಒಡೆಯದೆ ನೇರವಾಗಿ ಕೆರೆಗೆ ಇಳಿಯಿತು.

ಕಂಪನಿಗೆ ಹೋದ ನಕ್ಷೆಯಲ್ಲಿ ಆ ಗುಡ್ಡ ಇರಲಿಲ್ಲ. ಹದ್ದು ಹೊಡೆದಿರಬೇಕು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹದ್ದನ್ನು ಮಾತ್ರ ನಾವಿಬ್ಬರೂ ಕಂಡಿರಲಿಲ್ಲ. ಸುಣ್ಣದ ಗುರುತಿಗೆ ಸಾಲು ಒಡೆದದ್ದೇಕೆಂಬುದಕ್ಕಂತೂ ಇವತ್ತಿಗೂ ನನ್ನಲ್ಲಿ ಒಂದು ಸುಳ್ಳು ಕಾರಣ ಸಹ ಇಲ್ಲ.

ಅಂದು ಕೆಳಗಿಳಿದಾಗ ಹನುಮವ್ವ, "ಗಾಳಿ ಸಿಕ್ತೇನ್ರೀ?" ಎಂದಳು.

"ಸಿಕ್ತವ್ವಾ," ಎಂದರು ಸಾಹೇಬರು, ನಗದೆ. "ನಿಂಬೆಹಣ್ಣು ಎಲ್ಲಿ ಸಿಗತಾವ?"