ಮೈ ತೊಳೆದ ಹಂದಿಮರಿ

ಗೆಳೆಯರೇ, ಬೆಟಗೇರಿಯ ನಮ್ಮ ಮನೆಗೆ ಇಂದು ಹಂದಿಮರಿ ಸೇರಿತು. ಬೆಳಿಗ್ಗೆ ಅದು ಗಟಾರದಲ್ಲಿ ಬಿದ್ದು ಚೀರುತ್ತಿತ್ತು. ಕರ್ನಾಟಕ ಒಂದಾದ ವರ್ಷ ಹುಟ್ಟಿದ ನಮ್ಮವ್ವ ಅದನ್ನು ಎತ್ತಿ, ಎರಡು ಕೊಡ ನೀರು, ಸೀಗೆಕಾಯಿ ಹಾಕಿ ತೊಳೆದು, ಹಣೆಗೆ ವಿಭೂತಿಯನ್ನೂ ಹಚ್ಚಿದಳು.

ಮಧ್ಯಾಹ್ನ ಹಂದಿ ಸಾಕುವ ಯಲ್ಲಪ್ಪ ಹುಡುಕಿಕೊಂಡು ಬಂದ. ಮರಿಯನ್ನು ಅವನ ಹಿಂದೆಯೇ ಬಂದಿದ್ದ ತಾಯಿಹಂದಿಯ ಹತ್ತಿರ ಬಿಟ್ಟರೆ ತಾಯಿ ಮೂಸಿ ನೋಡಿ ಕಚ್ಚಲು ಬಂತು.

"ಮೈವಾಸನಿ ಹೋಗೇತ್ರಿ ಅವ್ವಾರ. ತಾಯಿ ಇನ್ನ ಹಾಲು ಕೊಡಂಗಿಲ್ಲ, ಇದು ಉಳಿಯಂಗಿಲ್ಲ," ಎಂದ.

ಅವ್ವನ ಮುಖ ಸಪ್ಪಗಾಯಿತು. "ತೊಳದಾಕಿ ನಾನು, ಸಾಕಾಕಿನೂ ನಾನ. ಇಲ್ಲೇ ಬಿಡಪಾ."

"ಯವ್ವಾ, ನಾವು ಲಿಂಗ ಕಟ್ಟಿದವ್ರು!" ಎಂದೆ.

"ನಿನಗೇನ ತಿನ್ನು ಅಂದ್ನೇನಲೇ? ಹಾಲಿನ ಬಾಟ್ಲಿ ಹಿಡಿ."

ಹಿಡಿದಿದ್ದೇನೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ತಪ್ಪುಗಳಿದ್ದರೆ ಕ್ಷಮಿಸಿ.