ತೆಮೆಲೀನಳ ಮೇಣದ ಮುಲಾಮು

ನೊಮಿಕೋಸ್ ಸತ್ತು ಹನ್ನೊಂದು ವರ್ಷವಾದರೂ ಅವನ ಮೇಲಿನ ಸಕೆಲಾರಿಸನ ಸಿಟ್ಟು ಇನ್ನೂ ಸತ್ತಿಲ್ಲ. ತುಂಬಿದ ಕಾಫಿ ಅಂಗಡಿಯಲ್ಲಿ, ಊರಿನ ಮುಳುಗುಗಾರರ ಮುಂದೆ, ದೊಡ್ಡಮ್ಮನ ಕೈಗುಣ ಹೋಯಿತು ಅಂದವನು ಅವನು. ದೊಡ್ಡಮ್ಮ ತೆಮೆಲೀನ ಸಕೆಲಾರಿಸನನ್ನು ಸಾಕಿದವಳು. ಅವಳ ಕೈಯ ಬಗ್ಗೆ ಯಾರು ತುಟಿ ಬಿಚ್ಚಿದರೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಗೆಲ್ಲ ಗ್ರೀಸಿನ ಕಾಲಿಮ್ನೋಸ್ ದ್ವೀಪದಲ್ಲಿ ಈಸ್ಟರ್ ಮುಗಿದ ಕೂಡಲೇ, ಕಡಲ ತಳದಿಂದ ಸ್ಪಂಜು ಕಿತ್ತು ತರುವ ದೋಣಿಗಳು ಆಫ್ರಿಕದ ಕಡೆ ಹೊರಟರೆ ತಿರುಗಿ ಬರುವುದು ಅಕ್ಟೋಬರಿಗೆ. ಉಪ್ಪುನೀರಿಗೂ ಹಗ್ಗಕ್ಕೂ ಸೀಳುವ ಕೈಗಳಿಗೆ ತೆಮೆಲೀನಳ ಮುಲಾಮೇ ಗತಿ. ಹಬ್ಬದಲ್ಲಿ ಉರಿದುಳಿದ ಜೇನುಮೇಣದ ಬತ್ತಿಯ ತುಂಡುಗಳನ್ನು ಚರ್ಚಿಗೆ ಬತ್ತಿ ಕೊಂಡು ತರುವ ಚಾಕರಿಯ ನೊಮಿಕೋಸ್ ಚೀಲದಲ್ಲಿ ತಂದು ಅವಳ ಹೊಸಿಲಿಗೆ ಸುರಿಯುತ್ತಿದ್ದ. ಒಂದು ಲೋಟ ಕರಗಿದ ಮೇಣಕ್ಕೆ ನಾಲ್ಕು ಲೋಟ ಆಲಿವ್ ಎಣ್ಣೆ. ಅಂಗಳವೆಲ್ಲ ಜೇನಿನ ಘಮ. ಒಂದು ಹನಿಯನ್ನು ಅಮೃತಶಿಲೆಯ ಮೇಲೆ ಬಿಟ್ಟು, ಆರಿದ ಮೇಲೆ ಉಗುರಿನಿಂದ ಗೀರಿ ನೋಡಿ, ತಗಡಿನ ಡಬ್ಬಿಗಳಿಗೆ ಹುಯ್ದು ಬಟ್ಟೆ ಮುಚ್ಚುವಳು.

"ಮುಟ್ಟಬೇಡ್ರೋ. ಹೆಪ್ಪು ಹಾಕಿದ ಹಾಲನ್ನ ಯಾರಾದ್ರೂ ಕಲಕ್ತಾರೇನ್ರೋ?" ಅನ್ನುವಳು.

ಮಾರನೆಯ ದಿನ ಡಬ್ಬಿ ಬೋರಲು ಹಾಕಿದರೂ ಮುಲಾಮು ಜಾರುತ್ತಿರಲಿಲ್ಲ.

ಎಪ್ಪತ್ತೊಂದರ ಈಸ್ಟರಿನಲ್ಲಿ ಮಾತ್ರ ಕೆಟ್ಟಿತು. ಮೂರೇ ದಿನಕ್ಕೆ ಡಬ್ಬಿಗಳು ಎಣ್ಣೆ ಬಿಟ್ಟವು. ತಳದಲ್ಲಿ ರವೆಯಂಥ ಗಸಿ. ದೋಣಿ ಹೊರಡಲು ಒಂದು ವಾರವೂ ಇರಲಿಲ್ಲ. ನೊಮಿಕೋಸ್ ಆ ಮಾತು ಆಡಿದ್ದು ಆಗಲೇ.

ಸಿಟ್ಟಿನಲ್ಲಿ ಮನೆಗೆ ಬಂದ ಸಕೆಲಾರಿಸನಿಗೆ ದೊಡ್ಡಮ್ಮ ಬತ್ತಿಯ ತುಂಡೊಂದನ್ನು ಕೊಟ್ಟಳು. "ಅಗಿ."

ಜೇನುಮೇಣವಾದರೆ ಬಾಯಲ್ಲಿ ಮೆತ್ತಗಾಗಬೇಕು. ಇದು ಪುಡಿಪುಡಿಯಾಯಿತು, ಜೇನಿನ ಸುಳಿವೇ ಇಲ್ಲ.

"ಅಗ್ಗದ ಪ್ಯಾರಾಫಿನ್ ಮೇಣ ಬೆರೆಸಿದಾರೆ ಕಣೋ. ಯಾವನೋ ವ್ಯಾಪಾರಿ ನೊಮಿಕೋಸನಿಗೆ ಟೋಪಿ ಹಾಕಿದಾನೆ. ಅವನಿಗಿನ್ನೂ ಗೊತ್ತಿಲ್ಲ."

"ಈಗ್ಲೇ ಹೋಗಿ ಅವನ ಬಾಯಿಗೆ ತುರುಕ್ತೀನಿ."

"ಸುಮ್ನಿರು. ಪಾದ್ರಿಗೆ ಗೊತ್ತಾದ್ರೆ ಅವನ ಕೆಲಸ ಹೋಗುತ್ತೆ. ಸಮುದ್ರದಡೀಲಿ ಕಾಲು ಕಳ್ಕೊಂಡೋನು, ಇನ್ನೇನು ಮಾಡ್ಕೊಂಡು ತಿಂತಾನೆ? ಗುಡ್ಡದ ಮೇಲಿನ ಜೇನಿನೋರ ಹತ್ರ ಮೇಣ ತಂದು ಹೊಸದಾಗಿ ಕಾಯಿಸ್ತೀನಿ. ಮುಲಾಮು ಗಟ್ಟಿಯಾದ್ರೆ ಊರಿನ ಬಾಯಿ ತಾನಾಗೇ ಮುಚ್ಚುತ್ತೆ. ಎರಡು ದಿನ ತಡ್ಕೋ ಮಗಾ."

ಅವನು ಒಂದು ದಿನ ತಡೆದ. ಎರಡನೆಯ ದಿನ ಕಾಫಿ ಅಂಗಡಿಗೆ ಕಾಲಿಟ್ಟದ್ದೇ ತಡ, ನೊಮಿಕೋಸ್ ಕೋಲು ಎತ್ತಿ ತೋರಿಸಿದ. "ಬಂದ ನೋಡ್ರಪ್ಪ. ಜಾಗ ಬಿಡಿ, ಕುರ್ಚಿಗೆಲ್ಲ ಎಣ್ಣೆ ಹತ್ತೀತು."

ಎಲ್ಲರೂ ನಕ್ಕರು. ಸಕೆಲಾರಿಸ್ ಜೇಬಿನಿಂದ ಬತ್ತಿಯ ತುಂಡು ತೆಗೆದು ಅವನ ಲೋಟದೊಳಕ್ಕೆ ಎಸೆದ.

"ಇದನ್ನ ಅಗಿಯೋ ಕುಂಟ. ದೇವರ ಮುಂದೆ ಪ್ಯಾರಾಫಿನ್ ಹಚ್ಚಿಸಿದೋನು, ನನ್ನ ದೊಡ್ಡಮ್ಮನ ಕೈ ಬಗ್ಗೆ ಮಾತಾಡ್ತೀಯಾ?"

ಪಕ್ಕದ ಮೇಜಿನಲ್ಲಿ ಪಾದ್ರಿ ಕೂತಿದ್ದರು. ಅವರು ಎದ್ದು ಬಂದು, ಆ ತುಂಡನ್ನು ಬೆರಳಿನಿಂದ ಎತ್ತಿ, ಮೂಸಿ ನೋಡಿದರು. ನೊಮಿಕೋಸನ ಕೆಲಸ ಮರುದಿನವೇ ಹೋಯಿತು.

ಅದೇ ದಿನ ಹೊಸ ಮುಲಾಮು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ದೋಣಿ ಹೊರಡುವಾಗ ದಡದಲ್ಲಿ ಎಲ್ಲರೂ ಡಬ್ಬಿ ಒಯ್ದರು, ಕೈ ಮುಗಿದು ಒಯ್ದರು. ಸಕೆಲಾರಿಸ್ ಬಾಯಿ ಬಿಡದಿದ್ದರೂ ಒಯ್ಯುತ್ತಿದ್ದರು.

ಅಕ್ಟೋಬರಿನಲ್ಲಿ ಅವನು ಸಮುದ್ರದಿಂದ ಬಂದಾಗ ದೊಡ್ಡಮ್ಮ ಬುಟ್ಟಿಯಲ್ಲಿ ಬ್ರೆಡ್ಡು, ಆಲಿವ್, ಒಂದು ತುಂಡು ಗಿಣ್ಣು ಇಟ್ಟು ಬಟ್ಟೆ ಮುಚ್ಚುತ್ತಿದ್ದಳು.

"ಯಾರಿಗೆ?"

"ನೊಮಿಕೋಸನಿಗೆ. ನೀನು ಕಿತ್ಕೊಂಡಿದ್ದನ್ನ ಯಾರಾದ್ರೂ ಕೊಡಬೇಕಲ್ಲ. ಬರ್ತೀಯೇನೋ?"

"ಮೊದ್ಲು ಅವನು ತಪ್ಪಾಯ್ತು ಅನ್ಲಿ."

ನೊಮಿಕೋಸ್ ಅನ್ನಲಿಲ್ಲ. ಒಂಬತ್ತು ವರ್ಷ, ಪ್ರತಿ ಶನಿವಾರ ಅವಳು ಆ ಏರು ಬೀದಿ ಹತ್ತಿದಳು. ಮಂಡಿ ನೋವು ಹೆಚ್ಚಿದ ಮೇಲೆ ನಡುವೆ ಎರಡು ಕಡೆ ಕೂತು ಹತ್ತಿದಳು. ಹೊರಡುವಾಗಲೆಲ್ಲ ಬಾಗಿಲಲ್ಲಿ ನಿಂತು ಅದೇ ಮಾತು ಕೇಳುವಳು: "ಬರ್ತೀಯೇನೋ?" ಬೈದು ಕೇಳಿದ್ದಿಲ್ಲ. ಸಕೆಲಾರಿಸ್ ಒಮ್ಮೆಯೂ ಬುಟ್ಟಿಗೆ ಕೈ ಕೊಡಲಿಲ್ಲ.

ಅವಳನ್ನು ಮಣ್ಣು ಮಾಡಿದ ವಾರ, ಶನಿವಾರ, ಸಕೆಲಾರಿಸ್ ತಾನಾಗಿಯೇ ಬ್ರೆಡ್ಡು ಕೊಂಡ. ಏರು ಬೀದಿಯ ತಿರುವಿನವರೆಗೂ ಹೋದ. ನೊಮಿಕೋಸ್ ಕೋಲು ಊರಿಕೊಂಡು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದ. ಸಕೆಲಾರಿಸ್ ಅಲ್ಲಿಂದಲೇ ಪಕ್ಕದ ಓಣಿಗೆ ಇಳಿದುಬಿಟ್ಟ.